ದ್ವೀಪದ ಹಗಲು ಪಾಳಿ

ನಮ್ಮ ಅತ್ತೆಯವರನ್ನು ಮೊದಲ ಸಲ ಕಂಡಾಗಲೇ ಕಣ್ಣಳತೆಯಲ್ಲಿ ಅಂದಾಜು ಹಾಕಿಬಿಟ್ಟಿದ್ದೆ. ಪರದೆ ಬಟ್ಟೆಯ ಅಂಗಡಿಯವನಿಗೆ ಇದೊಂದು ಚಟ. ಎತ್ತರ ಐದಡಿಗೆ ಒಂದಂಗುಲ ಕಡಿಮೆ. ನೇಯ್ಗೆ ಒತ್ತು. ಒಗೆದರೆ ಕುಗ್ಗುವುದಿಲ್ಲ, ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ಮೇಲೆ ಹೊಳಪಿಲ್ಲವಾದ್ದರಿಂದ ಗಿರಾಕಿಯ ಕಣ್ಣಿಗೆ ಬೀಳದೆ ಕಪಾಟಿನ ಮೇಲಿನ ಅರೆಯಲ್ಲೇ ಉಳಿಯುವ ಸರಕು. ‘ಸದ್ದಿಲ್ಲ, ತಕರಾರಿಲ್ಲ’ ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿ ಅವರ ಮಗಳನ್ನು ಮದುವೆಯಾದೆ. ಮಗಳ ವಿಷಯದಲ್ಲಿ ನನ್ನ ಅಂದಾಜು ತಪ್ಪಿದ್ದು ಮದುವೆಯ ವಾರದಲ್ಲೇ ತಿಳಿಯಿತು. ತಾಯಿಯ ವಿಷಯದಲ್ಲಿ ತಪ್ಪಿದ್ದು ತಿಳಿಯಲು ಹದಿನಾಲ್ಕು ವರ್ಷ ಹಿಡಿಯಿತು.

ಅತ್ತೆ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಎರಡು ವರ್ಷದಿಂದ ನಮ್ಮ ಜೊತೆಗಿದ್ದಾರೆ. ಅವರು ಮನೆಯಲ್ಲಿರುವುದು ಮಾತಿನಿಂದ ಗೊತ್ತಾಗುವುದಿಲ್ಲ, ಕೆಲಸದಿಂದ ಗೊತ್ತಾಗುತ್ತದೆ. ನಾನು ಅರ್ಧ ಮಡಿಸಿ ಬಿಟ್ಟ ಅಂಗಿ ಪೂರ್ತಿ ಮಡಿಸಿರುತ್ತದೆ. ಒಂದು ಸ್ಕ್ರೂ ಹಾಕಿ, ಉಳಿದದ್ದು ನಾಳೆ ಎಂದು ಬಿಟ್ಟ ಬಾಗಿಲ ಹಿಡಿಗೆ ಮರುದಿನ ನಾಲ್ಕೂ ಸ್ಕ್ರೂ ಬಿದ್ದಿರುತ್ತವೆ. ಹಿಂದಿನ ಪಾಳಿಯವರು ಬಿಟ್ಟುಹೋದದ್ದನ್ನು ಮುಂದಿನ ಪಾಳಿಯವರು ಮುಗಿಸಬೇಕು, ಅದಕ್ಕೆ ಡಂಗುರ ಬೇಕಿಲ್ಲ. ಇದು ಅವರ ವಾರ್ಡಿನ ಕ್ರಮ. ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

ಇನ್ನು ನನ್ನ ಪಾಡು. ಪರದೆ ಕೊಳ್ಳಲು ಯಾರೂ ಒಬ್ಬರೇ ಬರುವುದಿಲ್ಲ. ಇಬ್ಬರು ಬರುತ್ತಾರೆ. ಒಬ್ಬರಿಗೆ ಬೂದು ಬಣ್ಣ ಬೇಕು. ಇನ್ನೊಬ್ಬರಿಗೆ ಬೂದು ಒಂದು ಬಿಟ್ಟು ಯಾವುದಾದರೂ ಆದೀತು. ಕೊನೆಗೆ ಇಬ್ಬರೂ ನನ್ನತ್ತ ತಿರುಗಿ, “ನೀವೇ ಹೇಳಿ” ಎನ್ನುತ್ತಾರೆ. ಒಬ್ಬರ ಪಕ್ಷ ಹಿಡಿದರೆ ಇನ್ನೊಬ್ಬರು ಎದ್ದು ಹೋಗುತ್ತಾರೆ. ಅವರನ್ನು ಸಮಾಧಾನ ಮಾಡಲು ಮೊದಲನೆಯವರೂ ಹೋಗುತ್ತಾರೆ. ಬಿಚ್ಚಿದ ಹದಿನೆಂಟು ಬಟ್ಟೆ ಥಾನುಗಳ ನಡುವೆ ನಾನು ಉಳಿಯುತ್ತೇನೆ. ಸಂಜೆ ಏಳಕ್ಕೆ ಷಟರ್ ಎಳೆಯುವ ಹೊತ್ತಿಗೆ ಮನುಷ್ಯರ ಧ್ವನಿ ಕೇಳಿದರೆ ಕಿವಿ ತಾನೇ ಮುದುಡಿಕೊಳ್ಳುತ್ತದೆ.

ಇಂಥವನಿಗೆ ದೇವರು ಕೊಟ್ಟ ವರ ಒಬ್ಬನೇ ಆಡುವ ವಿಡಿಯೋ ಗೇಮು. ಅದರಲ್ಲಿ ನಾನೊಬ್ಬ, ಒಂದು ದ್ವೀಪ, ಒಂದಷ್ಟು ಕುರಿ, ಕಟ್ಟಿ ಮುಗಿಯದ ಒಂದು ದೀಪಸ್ತಂಭ. ಕುರಿಗಳ ಉಣ್ಣೆಯನ್ನು ದೋಣಿಗೆ ಹಾಕಿದರೆ ಕಲ್ಲು ಬರುತ್ತದೆ, ಕಲ್ಲು ಬಂದರೆ ಸ್ತಂಭ ಏರುತ್ತದೆ. ತುದಿಯಲ್ಲಿ ದೀಪ ಹಚ್ಚಿದರೆ ಆಟ ಮುಗಿಯಿತು. ಅಲ್ಲಿಯ ಕುರಿಗಳು “ನೀವೇ ಹೇಳಿ” ಎನ್ನುವುದಿಲ್ಲ. ಒಂದು ಬಟನ್ ಒತ್ತಿದರೆ ಸಮುದ್ರವೇ ನಿಲ್ಲುತ್ತದೆ. ನಾನು ಎದ್ದು ಹೋಗಿ ನೀರು ಕುಡಿದು ಬರುವವರೆಗೆ ಅಲೆ ಅರ್ಧ ಎತ್ತರದಲ್ಲೇ ಕಾದಿರುತ್ತದೆ. ನನಗಾಗಿ ಇಷ್ಟು ಮರ್ಯಾದೆಯಿಂದ ಕಾದವರು ಭೂಮಿಯ ಮೇಲೆ ಇನ್ನಾರೂ ಇಲ್ಲ.

ಗುಡಿಸಲ ಮುಂದೆ ಒಂದು ಹಲಗೆ ಇತ್ತು. ಅದರ ಮೇಲೆ ಹಳದಿ ಗುರುತೊಂದು ಸದಾ ಮಿನುಗುತ್ತಿತ್ತು. ಆಟದವರ ಜಾಹೀರಾತೋ ಉಪದೇಶವೋ ಇರಬೇಕು. ದಿನವಿಡೀ ಗಿರಾಕಿಗಳ ಮಾತು ಕೇಳಿ ಬಂದವನು ಮರದ ಹಲಗೆಯ ಮಾತನ್ನೂ ಕೇಳಬೇಕೇ ಎಂದು ನಾನು ಅತ್ತ ಹೋಗಲೇ ಇಲ್ಲ.

ಇನ್ನೊಂದು ವಿಶೇಷವಿತ್ತು. ನಾನು ಆಟ ಮುಚ್ಚಿ ಎದ್ದ ಮೇಲೂ ದ್ವೀಪದಲ್ಲಿ ದಿನಗಳು ಸಾಗುತ್ತಿದ್ದವು. ಮತ್ತೆ ತೆರೆದರೆ ಮುರಿದ ಬೇಲಿ ರಿಪೇರಿಯಾಗಿರುತ್ತಿತ್ತು, ನೀರಿನ ತೊಟ್ಟಿ ತುಂಬಿರುತ್ತಿತ್ತು, ಒಂದೆರಡು ಮರಿ ಹೆಚ್ಚಿಗೆ ಓಡಾಡುತ್ತಿದ್ದವು. ಇದು ನನ್ನ ಆಡಳಿತದ ಪ್ರತಾಪವೆಂದೇ ತಿಳಿದೆ. ನಮ್ಮ ಅಂಗಡಿಯ ಟೇಲರನನ್ನು ಕೂರಿಸಿಕೊಂಡು ಅರ್ಧ ಗಂಟೆ ಭಾಷಣ ಮಾಡಿದ್ದೂ ಉಂಟು. “ವ್ಯವಸ್ಥೆ ಸರಿಯಾಗಿ ಹಾಕಿದ್ರೆ ಯಜಮಾನ ಇಲ್ದಿದ್ರೂ ಕೆಲಸ ನಡೀತಾನೇ ಇರುತ್ತೆ, ತಿಳೀತಾ?”

“ಹಾಗಾದ್ರೆ ನಾಳೆ ನೀವು ಬರಬೇಡಿ ಸಾರ್, ನೋಡೋಣ” ಎಂದ ಟೇಲರ್.

ನನ್ನ ಹೆಂಡತಿಯದು ಬೇರೆಯೇ ದಾರಿ. ಅವಳು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿದ್ದಾಳೆ. ಅವಳಿಗೆ ನಾಲ್ಕು ಜನ ಸೇರಿ ಆಡುವ ಕೋಟೆ ಮುತ್ತುವ ಆಟವೇ ಬೇಕು. ತಂಡದಲ್ಲಿ ಅವಳು, ಅವಳ ಅಣ್ಣ, ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಡ್ಯೂಟಿಯಲ್ಲಿ ಕೊಡುವ ಅಪ್ಪಣೆಗಳನ್ನೇ ಯುದ್ಧಭೂಮಿಯಲ್ಲೂ ಕೊಡುತ್ತಾಳೆ: “ಉಸಿರು ಬಿಗಿ ಹಿಡೀರಿ. ಅಲ್ಲಾಡಬೇಡಿ. ಹಾಂ, ಈಗ ತಿರುಗಿ.” ಮನೆಗೆ ಇರುವುದು ಒಂದೇ ಟಿವಿ. ಹಾಗಾಗಿ ದಿನ ಬಿಟ್ಟು ದಿನ ಎಂದು ಒಪ್ಪಂದ. ಒಂದು ಸಂಜೆ ನನ್ನ ಸಮುದ್ರದ ಮೌನ, ಮರುಸಂಜೆ ಅವಳ ಮದ್ದುಗುಂಡು.

ಕಳೆದ ತಿಂಗಳ ಒಂದನೇ ತಾರೀಖು ಅವಳು ಮಾತು ತೆಗೆದಳು. “ರೀ, ನಮ್ಮ ತಂಡಕ್ಕೆ ಒಬ್ಬರು ಕಡಿಮೆ. ನೀವು ಬನ್ನಿ.”

“ನಾನು ಬರಲ್ಲ.”

“ಮತ್ತೇನ್ ಮಾಡ್ತೀರ, ಕುರಿ ಕಾಯ್ತೀರ?”

“ಕುರಿ ಕಾಯೋಕೂ ಯೋಗ್ಯತೆ ಬೇಕು ಕಣೇ. ನೀವು ಮೂರು ಜನ ಕೂಗಾಡ್ಕೊಂಡು ಸೋಲ್ತೀರ. ನಾನು ಒಬ್ಬನೇ, ಬಾಯಿ ಬಿಡದೆ ಗೆಲ್ತೀನಿ.”

“ಒಬ್ಬರೇ?”

“ಒಬ್ಬನೇ. ಎಂಟು ತಿಂಗಳಿಂದ ಒಂದು ಹುಲ್ಲುಕಡ್ಡಿಗೂ ಇನ್ನೊಬ್ಬರ ಕೈ ಕಾದಿಲ್ಲ.”

ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೆಚ್ಚುಗೆಯೆಂದು ತಿಳಿದು ನಾನು ಇನ್ನಷ್ಟು ಉಬ್ಬಿದೆ. “ಬೇಕಾದ್ರೆ ಬಾಜಿ ಕಟ್ಟು. ಈ ತಿಂಗಳೊಳಗೆ ಯಾರ ಸಹಾಯನೂ ಇಲ್ದೆ ಆ ದೀಪ ಹಚ್ತೀನಿ. ಹಚ್ಚಿದ್ರೆ ಎಲ್ಲಾ ಸಂಜೆ ಟಿವಿ ನಂದು. ನಿನ್ನ ಕೋಟೆ ಭಾನುವಾರ ಮಧ್ಯಾಹ್ನ ಮಾತ್ರ.”

“ಹಚ್ಚದಿದ್ರೆ?”

“ನಿನ್ನ ತಂಡಕ್ಕೆ ನಾಲ್ಕನೆಯವನಾಗಿ ಸೇರ್ತೀನಿ. ದಿನಾ.”

“ಯಾರ ಸಹಾಯನೂ ಇಲ್ದೆ. ಅಮ್ಮ, ನೀನೇ ಸಾಕ್ಷಿ.”

“ಕೇಳಿಸ್ಕೊಂಡೆ” ಎಂದರು ಅತ್ತೆ. ಪೇಪರ್ ಮಡಿಸಿಟ್ಟು ಒಳಗೆ ಹೋದರು.

ಆ ಹೊತ್ತಿಗೆ ನನ್ನ ಬಳಿ ಮೂವತ್ತೆರಡು ಕುರಿಗಳಿದ್ದವು, ಸ್ತಂಭ ಮುಕ್ಕಾಲು ಎದ್ದಿತ್ತು. ಗೆಲುವು ಜೇಬಿನಲ್ಲೇ ಇದೆ ಎಂದುಕೊಂಡು ಹೋಗಿ ಮೊದಲ ಸಂಜೆ ಆಟ ತೆರೆದೆ. ತೊಟ್ಟಿ ಒಣಗಿತ್ತು. ಬೇಲಿ ಮುರಿದದ್ದು ಮುರಿದೇ ಇತ್ತು. ಆಟಕ್ಕೇನೋ ಸುಸ್ತಾಗಿರಬೇಕು, ನನ್ನ ಹಾಗೆ, ಎಂದು ಸುಮ್ಮನಾದೆ. ಮುಂದಿನ ಸರದಿಗೆ ನಾಲ್ಕು ಕುರಿ ಬೇಲಿ ದಾಟಿ ಸಮುದ್ರದ ಪಾಲಾದವು. ಅದರ ಮುಂದಿನ ಸರದಿಗೆ ಉಳಿದವು ಕೆಮ್ಮತೊಡಗಿದವು. ಕುರಿ ಕೆಮ್ಮುತ್ತದೆಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾನು ನೀರು ಹೊರುವುದೋ, ಬೇಲಿ ಕಟ್ಟುವುದೋ, ಉಣ್ಣೆ ಕತ್ತರಿಸುವುದೋ? ತೊಟ್ಟಿ ತುಂಬಿಸಿ ಬರುವಷ್ಟರಲ್ಲಿ ಬೇಲಿ ಬಿದ್ದಿರುತ್ತಿತ್ತು. ಬೇಲಿ ಎತ್ತುವಷ್ಟರಲ್ಲಿ ದೋಣಿ ಹೊರಟುಹೋಗಿರುತ್ತಿತ್ತು. ಹತ್ತು ಗಂಟೆ ಅಂಗಡಿಯಲ್ಲಿ ನಿಂತು ಬಂದವನು ಮನೆಯಲ್ಲಿ ಕೂತು ಇನ್ನೊಂದು ಅಂಗಡಿ ನಡೆಸಿದಂತಾಯಿತು, ಅದೂ ದಿವಾಳಿ ಎದ್ದ ಅಂಗಡಿ. ಒಂದು ಸಂಜೆ ಒಟ್ಟಿಗೆ ಆರು ಕುರಿಗಳು ಮಲಗಿದವು, ಏಳಲಿಲ್ಲ. ಮೂಲೆಯ ಕುರ್ಚಿಯಿಂದ ಅತ್ತೆ “ಅಯ್ಯೋ ಪಾಪ” ಎಂದರು. ಪೇಪರಿನಲ್ಲಿ ಏನೋ ಓದಿರಬೇಕೆಂದುಕೊಂಡೆ.

“ಹೇಗಿದೆ ರೀ ನಿಮ್ಮ ವ್ಯವಸ್ಥೆ?” ಎಂದಳು ಹೆಂಡತಿ.

“ಯಂತ್ರ ಕೆಟ್ಟಿದೆ.”

“ಯಾವ ಯಂತ್ರ, ಕೂತಿರೋದಾ, ಗೋಡೆ ಪಕ್ಕ ಇಟ್ಟಿರೋದಾ?”

ಇಪ್ಪತ್ತೆಂಟನೇ ತಾರೀಖಿಗೆ ಒಂಬತ್ತು ಕುರಿ ಉಳಿದಿದ್ದವು. ಸ್ತಂಭಕ್ಕೆ ಒಂದು ಕಲ್ಲೂ ಏರಿರಲಿಲ್ಲ. ಇನ್ನು ತಡೆಯಲಾರದೆ ಗೇಮ್ ರಿಪೇರಿಯವನನ್ನು ಮನೆಗೆ ಕರೆಸಿದೆ. ಅವನು ಮಾತು ಕಡಿಮೆ, ಮುಖದಲ್ಲಿ ಅನುಮಾನ ಹೆಚ್ಚು ಎಂಬ ಜಾತಿಯವನು. ಯಂತ್ರದ ಬೆನ್ನು ಬಿಚ್ಚಿದ, ಊದಿದ, ಮುಚ್ಚಿದ. ಟಿವಿಯ ಮೇಲೆ ಏನೇನೋ ಪಟ್ಟಿ ತೆರೆದು ನೋಡಿದ.

“ಯಂತ್ರ ಗಟ್ಟಿ ಇದೆ ಸಾರ್. ಆಡೋರು ಕಮ್ಮಿಯಾಗಿದ್ದಾರೆ.”

“ಅಂದ್ರೆ?”

“ಎಂಟು ತಿಂಗಳು ಹೆಚ್ಚೂಕಮ್ಮಿ ದಿನಾ ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆವರೆಗೆ ಆಟ ನಡೆದಿದೆ. ಈ ತಿಂಗಳು ಎರಡನೇ ತಾರೀಖಿಂದ ನಿಂತಿದೆ. ಆ ಹೊತ್ತಲ್ಲಿ ಯಾರು ಸಾರ್ ಆಡೋರು?”

“ಯಾರೂ ಇಲ್ಲ. ಅದು ತಾನಾಗಿ ನಡೆಯೋದು.”

ಅವನು ನನ್ನನ್ನು ನೋಡಿದ ನೋಟ ನನಗೆ ಪರಿಚಿತ. ಬೂದು ಬಣ್ಣವನ್ನು ನೀಲಿ ಎಂದು ವಾದಿಸುವ ಗಿರಾಕಿಯನ್ನು ನಾನು ಹಾಗೇ ನೋಡುತ್ತೇನೆ.

“ತಾನಾಗಿ ಯಾವ ಆಟಾನೂ ನಡೆಯಲ್ಲ ಸಾರ್. ಮುಚ್ಚಿದ್ರೆ ಮುಚ್ಚಿದ ಹಾಗೇ ಇರುತ್ತೆ. ಈ ಹಲಗೆ ಓದಿದ್ರಾ?”

“ಅದು ಜಾಹೀರಾತು.”

ಅವನು ಹಲಗೆಯ ಮುಂದೆ ಹೋಗಿ ಬಟನ್ ಒತ್ತಿದ. ಚೀಟಿಗಳು ಒಂದರ ಮೇಲೊಂದು ಬಿಚ್ಚಿಕೊಂಡವು. ಯಾವ ಭಾವವೂ ಇಲ್ಲದೆ ಗಟ್ಟಿಯಾಗಿ ಓದತೊಡಗಿದ: “‘ನಾಲ್ಕನೇ ಕುರಿಗೆ ಜ್ವರ. ಔಷಧ ಎರಡು ಸಲ ಕೊಟ್ಟಿದೆ. ಸಂಜೆ ಒಮ್ಮೆ ಮುಟ್ಟಿ ನೋಡಿ.’ ‘ಬೇಲಿ ಕಟ್ಟಿದೆ. ಪಡುವಣ ಕಂಬ ಸಡಿಲ ಇದೆ, ಗಮನಿಸಿ.’ ‘ಸಂಜೆ ಪಾಳಿಯವರು ತೊಟ್ಟಿ ತೊಳೆಯುವುದಿಲ್ಲ. ಪರವಾಗಿಲ್ಲ, ನಾನೇ ತೊಳೆದಿದ್ದೇನೆ.’ ‘ಅಳಿಯಂದಿರು ಇವತ್ತೂ ಮೇಯಲಿಲ್ಲ. ಬೇಲಿಗೆ ಒರಗಿ ಸುಮ್ಮನೆ ಸಮುದ್ರ ನೋಡುತ್ತಿದ್ದಾರೆ.’ ಸಾರ್, ಈ ಅಳಿಯಂದಿರು ಅಂದ್ರೆ ಯಾರು?”

ಹಿತ್ತಿಲ ಕಡೆಯಿಂದ ಹೆಂಡತಿ ನಕ್ಕದ್ದು ಕೇಳಿಸಿತು. ರಿಪೇರಿಯವನು ಕುರಿದೊಡ್ಡಿಯ ಒಳಗೆ ಹೋದ. ಎಂಟು ತಿಂಗಳಲ್ಲಿ ನಾನು ಉಣ್ಣೆಯನ್ನು ಬೇಲಿಯಾಚೆಯಿಂದಲೇ ಕತ್ತರಿಸಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಒಳಗೆ ಹೋದರೆ ಪ್ರತಿ ಕುರಿಯ ನೆತ್ತಿಯ ಮೇಲೂ ಹೆಸರು ಕಾಣಿಸಿತು. ಉಳಿದ ಒಂಬತ್ತರಲ್ಲಿ ಎಂಟು ಬಡಕಲಾಗಿದ್ದವು. ಒಂದು ಮಾತ್ರ ಉರುಟುರುಟಾಗಿ, ಬೇಲಿಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ಮೇಲೆ ‘ಅಳಿಯಂದಿರು’ ಎಂದಿತ್ತು.

ಎರಡನೇ ತಾರೀಖಿನ ಕೊನೆಯ ಚೀಟಿಯನ್ನು ನಾನೇ ಓದಿದೆ: ‘ಇಂದಿನಿಂದ ಹಗಲು ಪಾಳಿ ಇರುವುದಿಲ್ಲ. ನೀರು ಮರೆಯಬೇಡಿ.’

ಅತ್ತೆ ಕುರ್ಚಿಯಲ್ಲೇ ಇದ್ದರು. ರಿಪೇರಿಯವನು ಹೋದ ಮೇಲೆ ಕೇಳಿದೆ. “ಅತ್ತೆ, ನೀವಾ?”

“ಟಿವಿ ಹಾಕೋಕೆ ಹೋದೆ ಒಂದಿನ, ಕುರಿಗಳು ಕಾಣಿಸಿದ್ವು. ತೊಟ್ಟಿ ಖಾಲಿ. ನೀವು ಅರ್ಧಕ್ಕೇ ಬಿಟ್ಟು ಹೋಗಿದ್ರಿ. ಹಾಗೇ ಬಿಟ್ಟು ಬರೋಕಾಗುತ್ತಾ? ನೀವು ಸಂಜೆ ಪಾಳಿ, ನಾನು ಹಗಲು ಪಾಳಿ ಅಂದ್ಕೊಂಡೆ.”

“ಒಂದು ಮಾತು ಹೇಳಬಾರದಿತ್ತೇ?”

“ದಿನಾ ಬರೆದಿಡ್ತಿದ್ದೆನಲ್ಲ” ಎಂದರು ಅತ್ತೆ, ನಿಜವಾದ ಆಶ್ಚರ್ಯದಿಂದ. “ನೀವು ಮಾತು ಕಡಿಮೆಯೋರು, ಓದಿ ಸುಮ್ಮನಾಗ್ತೀರ ಅಂತಿದ್ದೆ.”

“ಮತ್ತೆ ಈ ತಿಂಗಳು? ಕುರಿಗಳು ಸಾಯ್ತಿದ್ವಲ್ಲ ಅತ್ತೆ.”

“ಯಾರ ಸಹಾಯನೂ ಇಲ್ದೆ ಅಂದ್ರಿ. ನಾನು ಸಾಕ್ಷಿ ಬೇರೆ. ಸಾಕ್ಷಿ ಹೋಗಿ ನೀರು ಹೊಯ್ದರೆ ಚೆನ್ನಾಗಿರುತ್ತಾ?” ಪೇಪರ್ ಮಡಿಸುತ್ತ ಹೇಳಿದರು. “ನಾಲ್ಕನೆಯದು ಹೋದಾಗ ಮಾತ್ರ ತುಂಬಾ ಬೇಜಾರಾಯ್ತು. ಅದನ್ನ ಮರಿಯಿಂದ ಸಾಕಿದ್ದೆ.”

ಬಾಜಿ ಸೋತೆ. ಒಂದನೇ ತಾರೀಖಿನಿಂದ ಹೆಂಡತಿಯ ತಂಡದಲ್ಲಿ ನಾಲ್ಕನೆಯವನು. ಮೊದಲ ಸಂಜೆ ಅವಳು “ಅಲ್ಲಾಡಬೇಡಿ” ಎಂದಳು. ಅದು ಡಾಕ್ಟರಿಗೆ ಹೇಳಿದ್ದೆಂದು ಆಮೇಲೆ ತಿಳಿಯಿತು. ನಾನು ಅಲ್ಲಾಡದೆ ನಿಂತೆ, ಶತ್ರುಗಳು ಬಂದು ನಿಧಾನವಾಗಿ ಗುರಿಯಿಟ್ಟು ಹೊಡೆದುಹೋದರು. ಭಾವನವರು, “ಪರವಾಗಿಲ್ಲ, ಬೇಲಿಗೆ ಒರಗಿ ನಿಂತ್ಕೊಳ್ಳಿ ಅಳಿಯಂದಿರೇ” ಎಂದರು. ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

ವಾರದ ನಂತರ ಅತ್ತೆಯ ಕುರ್ಚಿಯ ಬಳಿ ನಿಂತೆ. “ಅತ್ತೆ, ಬಾಜಿ ಮುಗೀತಲ್ಲ. ಪಾಳಿಗೆ ಬರ್ತೀರಾ?”

“ಹಲಗೆ ಓದ್ತೀರಾ?” ಎಂದರು.

ಈಗ ಅವಳ ಯುದ್ಧ ಮುಗಿದ ಮೇಲೆ ನನಗೆ ಮುಕ್ಕಾಲು ಗಂಟೆ ದ್ವೀಪ. ಅದು ಹೆಂಡತಿಯ ದಯೆ. ಒಂಟಿ ಆಟದ ಗಮ್ಮತ್ತೇನೆಂದು ನನಗೆ ಈಗ ಅರ್ಥವಾಗಿದೆ. ಇನ್ನೊಬ್ಬರು ಇರಬಾರದು ಎಂದೇನಿಲ್ಲ. ಇದ್ದವರು ಬೂದು ಚೆಂದವೋ ನೀಲಿ ಚೆಂದವೋ ಎಂದು ಕೇಳದಿದ್ದರೆ ಸಾಕು.

ಮೊನ್ನೆ ಆಟ ತೆರೆದಾಗ ಸ್ತಂಭ ಪೂರ್ತಿ ಎದ್ದಿತ್ತು. ತುದಿಯವರೆಗೆ ಹತ್ತಿದೆ. ದೀಪಕ್ಕೆ ಎಣ್ಣೆ ತುಂಬಿತ್ತು, ಬತ್ತಿ ಸರಿಮಾಡಿತ್ತು, ಹಚ್ಚಿರಲಿಲ್ಲ. ಇಳಿದು ಬಂದು ಹಲಗೆ ಓದಿದೆ: ‘ದೀಪ ತಯಾರಿದೆ. ಸಂಜೆ ಪಾಳಿಯವರು ಹಚ್ಚಬೇಕು.’

ಹಚ್ಚಲಿಲ್ಲ. ಹಚ್ಚಿದರೆ ಆಟ ಮುಗಿಯುತ್ತದೆ, ನನ್ನ ಕೆಲಸ ಮುಗಿದಿರಲಿಲ್ಲ. ಹಲಗೆಯ ಹಿಂದಿನ ಚೀಟಿಗಳನ್ನು ಮೊದಲಿನಿಂದ ತೆರೆದೆ. ಇನ್ನೂರ ಹತ್ತೊಂಬತ್ತು ಇದ್ದವು. ಆ ಹಲಗೆಯ ಮೇಲೆ ಒಂದು ಸಾಲು ಬರೆಯಲು ಬಟನ್ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹುಡುಕಬೇಕು. ಅತ್ತೆ ಎಂಟು ತಿಂಗಳು ಹಾಗೆ ಹುಡುಕಿದ್ದರು. ನಾನು ನಿನ್ನೆಯ ಮುಕ್ಕಾಲು ಗಂಟೆ ಪೂರ್ತಿ ಹುಡುಕಿ ಒಂದು ಉತ್ತರ ಬರೆದೆ: ‘ನಾಲ್ಕನೆಯದನ್ನು ಉಳಿಸಿಕೊಳ್ಳಲಿಲ್ಲ ಅತ್ತೆ. ತಪ್ಪಾಯಿತು.’

ಅತ್ತೆಯವರಿಗೆ ನಾನು ಇನ್ನೂ ಇನ್ನೂರ ಹದಿನೆಂಟು ಉತ್ತರ ಬಾಕಿ.