ಕಿವಿ ಪರೀಕ್ಷೆಯಲ್ಲಿ ಬಾಯಿ ಹಾಕಿದ ಹೊಟ್ಟೆ

ಕೋಟ್ಯಂತರ ಜೀವಿಗಳಿಗೆ ನಾನೊಬ್ಬನೇ ಅನ್ನದಾತ! ನಮ್ಮ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಮಹಾಸಾಮ್ರಾಜ್ಯವೇ ಇದೆ, ಸಸ್ಯಗಳ ನಾರೇ ಅವುಗಳ ಆಹಾರ ಎಂದು ವಾರಪತ್ರಿಕೆಯಲ್ಲಿ ಓದಿದ ದಿನವೇ ನನ್ನ ಎದೆ ಎರಡಂಗುಲ ಉಬ್ಬಿತು. ನನ್ನ ಪ್ರಜೆಗಳನ್ನು ಇನ್ನು ಉಪವಾಸ ಕೆಡವುವುದಿಲ್ಲ ಎಂದು ಸಂಕಲ್ಪ ಮಾಡಿ, ಚಿಕೋರಿ ಬೇರಿನ ನಾರಿನ ಪುಡಿ ಒಂದು ಡಬ್ಬ ತಂದೆ.

ಮರುದಿನ ಬೆಳಿಗ್ಗೆ ನಾಲ್ಕು ದೊಡ್ಡ ಚಮಚ ಪುಡಿಯನ್ನು ನೀರಿಗೆ ಸುರಿಯುತ್ತಿದ್ದಾಗ ನನ್ನ ಹೆಂಡತಿ ಬಂದಳು. ಅವಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್.

"ಡಬ್ಬದ ಮೇಲೆ ಅರ್ಧ ಚಮಚದಿಂದ ಶುರು ಮಾಡಿ ಅಂತ ಬರೆದಿದೆಯಲ್ಲ?"

"ಅರ್ಧ ಚಮಚ ಕೋಟ್ಯಂತರ ಮಂದಿಗೆ ಎಲ್ಲಿ ಸಾಲುತ್ತೆ?"

"ಅವು ಬ್ಯಾಕ್ಟೀರಿಯಾ ರೀ, ಬೀಗರಲ್ಲ! ಈ ನಾರು ನಮಗೆ ಜೀರ್ಣ ಆಗಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗುತ್ತೆ. ಅಲ್ಲಿ ಅವು ಅದನ್ನ ಹುದುಗಿಸ್ತವೆ. ಕರುಳಿಗೆ ಒಳ್ಳೇದೇ. ಆದ್ರೆ ಹುದುಗಿದರೆ ಗ್ಯಾಸೂ ಬರುತ್ತೆ. ಅಭ್ಯಾಸ ಇಲ್ಲದವರು ಒಮ್ಮೆಲೇ ಇಷ್ಟು ಸುರಿದುಕೊಂಡ್ರೆ..."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಲೋಟ ಬರಿದು ಮಾಡಿ, ಇರಲಿ ಎಂದು ಅದೇ ನಾರಿರುವ ಒಂದು ಹಸಿ ಈರುಳ್ಳಿಯನ್ನೂ ಅಗಿದು ಕೆಲಸಕ್ಕೆ ಹೊರಟೆ.

ನನ್ನ ಕೆಲಸ ಏನೆಂದು ಇಲ್ಲಿ ಹೇಳಲೇಬೇಕು. ನಾನು ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷಕ. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ, ಸೂಜಿ ಬಿದ್ದರೂ ಬೆಚ್ಚಿಬೀಳುವಷ್ಟು ನಿಶ್ಶಬ್ದವಾದ ಕೋಣೆ. ರೋಗಿ ನನಗೆ ಬೆನ್ನು ಮಾಡಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ನಾನು ಯಂತ್ರದಿಂದ ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಗುಂಡಿ ಒತ್ತುತ್ತಾರೆ, ನನ್ನ ಮುಂದೆ ಕೆಂಪು ದೀಪ ಹೊತ್ತುತ್ತದೆ.

ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು ಮಗಳ ಜೊತೆ ಬಂದರು. ಗಡಿಯಾರದ ಟಿಕ್ ಟಿಕ್ ಕೇಳಿಸದೆ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತಂತೆ. "ನಂಗೇನೋ ಅನುಮಾನ," ಮಗಳು ಬಾಗಿಲಲ್ಲೇ ಪಿಸುಗುಟ್ಟಿದಳು. "ನಾನು ಕೂಗಿದ್ರೆ ಕೇಳಲ್ಲ, ಲಾರಿ ಬಂದ್ರೆ ಮಾತ್ರ ಕೇಳುತ್ತೆ. ಬೇಕಂತಲೇ ಹೀಗೆ ಮಾಡ್ತಾರೆ."

ಪರೀಕ್ಷೆ ಶುರುವಾಯಿತು. ನಾನಿನ್ನೂ ಯಂತ್ರಕ್ಕೆ ಕೈ ಹಾಕಿಲ್ಲ, ನನ್ನ ಹೊಟ್ಟೆಯ ಆಳದಿಂದ ಒಂದು ಸದ್ದು ಎದ್ದಿತು. ಗುರ್‍ರ್‍ರ್!

ಕೆಂಪು ದೀಪ ಹೊತ್ತಿತು.

ಹೊಟ್ಟೆಗೆ ದಪ್ಪನೆಯ ಫೈಲು ಒತ್ತಿ ಹಿಡಿದೆ. ಈಗ ಗುಡುಗಿನ ಜೊತೆ ಕೊಳವೆಯಲ್ಲಿ ನೀರು ಹರಿದಂಥ ನಾದವೂ ಸೇರಿತು. ಮತ್ತೆ ದೀಪ! ನಾನು ಕಳಿಸಿದ ಪ್ರತಿ ಸದ್ದಿಗೂ ಹೊಟ್ಟೆ ತನ್ನದೊಂದು ಸೇರಿಸುತ್ತಿತ್ತು. ಹೊಟ್ಟೆಪಾಡಿನ ಕೆಲಸಕ್ಕೆ ಹೊಟ್ಟೆಯ ಹಾಡೇ ಅಡ್ಡ! ನಿಲ್ಲಿಸಿ ನಿಜ ಹೇಳಬೇಕಿತ್ತು. ನಾಚಿಕೆ ಬಿಡಲಿಲ್ಲ, ದೀಪ ಹೊತ್ತಿದಾಗಲೆಲ್ಲ ಕೇಳಿಸಿತೆಂದೇ ಗುರುತು ಹಾಕುತ್ತಾ ಹೋದೆ. ಮುಗಿದಾಗ ಆ ಮುದುಕರದು ಹದಿನೆಂಟರ ಹುಡುಗನ ಕಿವಿ ಎನ್ನುವಂಥ ವರದಿ ಸಿದ್ಧವಾಗಿತ್ತು.

ಡಾಕ್ಟರು ವರದಿ ನೋಡಿ, "ಇವರಿಗೆ ಕಿವಿಯಲ್ಲಿ ಏನೂ ತೊಂದರೆ ಇಲ್ಲವಲ್ಲ?" ಎಂದರು.

ಮಗಳು ತಿರುಗಿದಳು. "ನೋಡಿದ್ರಾ? ಎರಡು ವರ್ಷ ಗಂಟಲು ಹರಕೊಂಡೆ ನಾನು! ಇನ್ಮೇಲೆ ಒಂದು ಮಾತೂ ಆಡಲ್ಲ ನಿಮ್ಮ ಹತ್ರ."

ಮುದುಕರಿಗೆ ಮಾತು ಕೇಳಿಸಲಿಲ್ಲ, ಮಗಳ ಮುಖ ಅರ್ಥವಾಯಿತು. ತಮ್ಮ ಕೈಬೆರಳುಗಳನ್ನೇ ನೋಡುತ್ತಾ ಕುಳಿತರು. ನನಗೆ ಇನ್ನು ತಡೆಯಲಾಗಲಿಲ್ಲ.

"ಡಾಕ್ಟ್ರೇ, ವರದಿ ತಪ್ಪು. ಅವರಿಗೆ ಕೇಳಿಸಿದ್ದು... ನನ್ನ ಹೊಟ್ಟೆ." ಸಾಕ್ಷಿ ಹೇಳುವಂತೆ ಹೊಟ್ಟೆ ಗುಡುಗಿತು. "ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ."

"ನೀವು ಹಾಕಿಕೊಂಡಿರೋದೇ ಸಾಕು! ನಡೀರಿ ಹೊರಗೆ," ಎಂದರು ಡಾಕ್ಟರು.

ಸಹೋದ್ಯೋಗಿ ಮತ್ತೆ ಪರೀಕ್ಷೆ ಮಾಡುವಾಗ ನಾನು ಕಾರಿಡಾರಿನ ಆ ತುದಿಯಲ್ಲಿ ಅಪರಾಧಿಯಂತೆ ನಿಂತಿದ್ದೆ. ನಿಜ ಹೊರಬಿತ್ತು. ದಪ್ಪ ಸದ್ದುಗಳು ಮುದುಕರಿಗೆ ಚೆನ್ನಾಗಿ ಕೇಳಿಸುತ್ತವೆ. ಸಣ್ಣ, ಚೂಪು ಸದ್ದುಗಳು ಪೂರ್ತಿ ಹೋಗಿವೆ. ಲಾರಿ ಉಳಿದಿದೆ, ಗಡಿಯಾರವೂ ಮಗಳ ದನಿಯೂ ಹೋಗಿವೆ.

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನ ಕೈ ಹಿಡಿದಳು. ಅವರ ಕಿವಿಗೆ ಶ್ರವಣಯಂತ್ರ ಕೂರಿಸಿದ್ದಾಯಿತು, ನಡೆದದ್ದೆಲ್ಲ ಮಗಳೇ ಅವರಿಗೆ ಹೇಳಿದಳು. ನಾನು ಹತ್ತಿರ ಹೋಗಿ, "ಯಜಮಾನ್ರೇ, ತಪ್ಪಾಯ್ತು," ಎಂದೆ.

"ನೀವ್ಯಾಕೆ ತಪ್ಪು ಕೇಳ್ತೀರಿ?" ಮುದುಕರು ನನ್ನ ಬೆನ್ನು ತಟ್ಟಿದರು. "ಎರಡು ವರ್ಷದಲ್ಲಿ ನನಗೆ ಅರ್ಥ ಆಗೋ ಹಾಗೆ ಬಿಡಿಸಿ ಬಿಡಿಸಿ ಮಾತಾಡಿದ್ದು ನಿಮ್ಮ ಹೊಟ್ಟೆ ಒಂದೇ ಕಣ್ರೀ!"