ಮೂರನೆಯ ಕಲೆ

ಕಲೆ ಕಂಡರೆ ಸುಮ್ಮನಿರುವ ಸ್ವಭಾವ ನನ್ನದಲ್ಲ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಬೇರಿಂಗ್ ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಒತ್ತಿ, ಕೂದಲೆಳೆಯಷ್ಟು ಗೀರಿದ್ದರೂ ರಿಜೆಕ್ಟ್ ಅಂತ ಪಕ್ಕಕ್ಕೆ ತಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೆ ಮನೆಯ ಲೋಟ, ತಟ್ಟೆ, ಬೆಳಗಿಟ್ಟ ದೀಪಗಳನ್ನೂ ಹಾಗೇ ನೋಡತೊಡಗಿದಾಗ ಹೆಂಡತಿ ಸುಮಿತ್ರಾ, "ಇದು ಮನೆ ಕಣ್ರೀ. ಕಲೆ ಹುಡುಕ್ಲೇಬೇಕು ಅಂದ್ರೆ ಬೇರೆ ಎಲ್ಲಾದ್ರೂ ಹುಡುಕ್ಕೊಳ್ಳಿ" ಅಂದಳು. ನಾನು ಸೂರ್ಯನನ್ನು ಆರಿಸಿಕೊಂಡೆ.

ಚಾಮರಾಜಪುರಂನ ನಮ್ಮ ಮನೆಯ ತಾರಸಿಯಲ್ಲಿ ಪುಟ್ಟ ಟೆಲಿಸ್ಕೋಪು ನಿಲ್ಲಿಸಿದೆ. ಸೂರ್ಯನನ್ನು ನೇರವಾಗಿ ನೋಡುವಂತಿಲ್ಲ. ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ ನೋಡಬೇಕು. ಹಳೇ ಅಭ್ಯಾಸದಂತೆ ಎಡಗಣ್ಣು ಮುಚ್ಚಿ ಬಗ್ಗಿದೆ. ತಟ್ಟೆಯಗಲದ ಬೆಳಕಿನಲ್ಲಿ ಎರಡು ಕಲೆಗಳು. ಒಂದೊಂದರ ನಡುವೆಯೂ ಕಡುಕಪ್ಪು, ಸುತ್ತ ಬೂದುಬಣ್ಣದ ಅಂಚು, ಆ ಅಂಚಿನಲ್ಲಿ ರೆಪ್ಪೆಗೂದಲಿನಂಥ ಸಣ್ಣ ಎಳೆಗಳು. ನೋಡ್ತಾ ನೋಡ್ತಾ, ಇಲ್ಲಿ ನೋಡುತ್ತಿರುವವನು ನಾನಲ್ಲ, ಆ ಎರಡು ಕಣ್ಣುಗಳೇ ನನ್ನನ್ನು ನೋಡುತ್ತಿವೆ ಅನಿಸಿ ಮೈ ಜುಮ್ಮೆಂದಿತು. ಸಂಡಿಗೆ ಒಣಗುವ ಬಿಸಿಲಿನಲ್ಲಿ ಹೆದರಿಕೊಂಡೆ ಅಂತ ಯಾರ ಹತ್ತಿರ ಹೇಳುವುದು?

ಕೆಲವು ದಿನಗಳಾದ ಮೇಲೆ ಮೂರನೆಯದೂ ಬಂತು. ಅದಕ್ಕೆ ಅಂಚಿಲ್ಲ, ಎಳೆಯಿಲ್ಲ, ಬರೀ ಮಸಿ. ಒಂದು ಕಡೆ ನಿಲ್ಲುತ್ತಲೂ ಇರಲಿಲ್ಲ. ನಾನು ಯಾವ ಎಳೆಯನ್ನು ನೋಡಲು ಹೋದರೂ ನನಗಿಂತ ಮೊದಲೇ ಅಲ್ಲಿ ಹೋಗಿ ಕೂತು ಅದನ್ನು ನುಂಗುತ್ತಿತ್ತು. ಲೆನ್ಸ್ ಒರೆಸಿದೆ, ರಟ್ಟು ಬದಲಾಯಿಸಿದೆ, ಹೋಗಲಿಲ್ಲ. ಹೊಸದೇನೋ ಕಂಡುಹಿಡಿದೆ ಎಂಬ ಜಂಭವೂ ದಿಗಿಲೂ ಒಟ್ಟಿಗೇ ಆಗಿ ಸುಮಿತ್ರಾಳನ್ನು ಕೂಗಿದೆ.

ಅವಳು ಬಗ್ಗಿ ನೋಡಿದಳು. "ಎರಡೇ ಅಲ್ವೇನ್ರೀ ಇರೋದು?"

"ಸರಿಯಾಗಿ ನೋಡೇ. ಮೂರಿದೆ."

"ಎರಡೇ ಕಣ್ರೀ. ಅದ್ಸರಿ, ಯಾಕೆ ಒಂದು ಕಣ್ಣು ಮುಚ್ಕೊಂಡಿದೀರಿ?"

ಹಾಗೇ ತಿರುಗಿ ಅವಳತ್ತ ನೋಡಿದೆ. ಮುಖವಿರಬೇಕಾದ ಕಡೆ ಅದೇ ಮಸಿ ಕೂತಿತ್ತು. ಮಾತು ಅದರೊಳಗಿಂದ ಬರುತ್ತಿತ್ತು. ಎಡಗಣ್ಣು ತೆರೆದೆ, ಸುಮಿತ್ರಾ ಇದ್ದಳು. ಮುಚ್ಚಿದೆ, ಇರಲಿಲ್ಲ.

ಕಣ್ಣಿನ ಡಾಕ್ಟರು ನನ್ನ ಬಲಗಣ್ಣಿನ ಮುಂದೆ ಗಾಜೊಂದನ್ನು ಹಿಡಿದು, ತಮ್ಮದೊಂದು ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಇಣುಕಿದರು. ಒಳಗಡೆ ಕಲೆಯಿದೆ, ವಯಸ್ಸಿನದು, ಹೋಗುವುದಿಲ್ಲ, ಹರಡದ ಹಾಗೆ ನೋಡಿಕೊಳ್ಳಬಹುದು ಎಂದರು. ಅವರು ನಿಂತಿದ್ದ ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ಅವರ ಕೈ ಮುಂದಕ್ಕೆ ಬಂದಾಗ, ಎಲ್ಲಿ ಪಕ್ಕಕ್ಕೆ ತಳ್ಳಿಬಿಡುತ್ತಾರೋ ಅಂತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.