ಹವಾಲ್ದಾರ ಮಾನಪ್ಪನ ಎದೆಗಾರಿಕೆ

ಎಲ್ಲ ಎಡವಟ್ಟಿಗೂ ಕಾರಣ ಲಾಲಮ್ಮನ ಬಲಗಿವಿ. ಆಕೆಯ ಎಡಗಿವಿ ಮಂದವಾಗಿ ನಾಲ್ಕು ವರ್ಷವಾಗಿತ್ತು. ಬಲಗಿವಿ ಮಾತ್ರ, ಪಕ್ಕದ ಮನೆಯ ಒಗ್ಗರಣೆ ಸದ್ದು ಕೇಳಿಯೇ ಇವತ್ತು ಅಲ್ಲಿ ಯಾವ ಸಾರು ಎಂದು ಹೇಳುವಷ್ಟು ಚುರುಕು ಎಂದು ಆಕೆಯೇ ಹೇಳಿಕೊಳ್ಳುತ್ತಿದ್ದಳು. ಆ ಬೆಳಿಗ್ಗೆ ಆಕೆ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಾಗ, ಗೋಡೆಯ ಆಚೆ ಹವಾಲ್ದಾರ ಮಾನಪ್ಪ ಕೆಂಭಾವಿಯ ತವರಿಗೆ ಹೋಗಿದ್ದ ಹೆಂಡತಿಗೆ ಫೋನು ಹಚ್ಚಿದ್ದ.

"ದೇವಕೀ, ನಂದು ಬ್ಲಾಗ್ ಶುರು ಆಗ್ಯಾದ. ಮುಂಜಾನೇನ ಓಪನ್ ಮಾಡೀನಿ. ಅವ್ವಗ ಹೇಳಬ್ಯಾಡ ಮತ್ತ. ಆಕಿಗಿ ತಿಳಿಯಂಗಿಲ್ಲ, ಸುಮ್ಮನ ಗಾಬರಿ ಆಗ್ತಾಳ."

ಗೋಡೆ ದಾಟುವಷ್ಟರಲ್ಲಿ ಬ್ಲಾಗು ಬ್ಲಾಕಾಗಿತ್ತು. ಎದೆಬೇನೆಗೆ ಅವರ ಊರಾದ ಸಗರದ ಮಂದಿ ಈಚೆಗೆ ಇಟ್ಟುಕೊಂಡಿದ್ದ ಹೆಸರೇ ಅದು. ಯಾರನ್ನಾದರೂ ಕಲಬುರಗಿ ದವಾಖಾನೆಗೆ ಒಯ್ದರೆ ಸಾಕು, ಅವನಿಗೆ ಎಷ್ಟು ಬ್ಲಾಕ್, ಯಾವ ನರದಲ್ಲಿ ಬ್ಲಾಕ್ ಎಂದು ಚಹಾದಂಗಡಿಯಲ್ಲಿ ಲೆಕ್ಕ ಹಾಕುತ್ತಿದ್ದರು. ಲಾಲಮ್ಮ ಸೆಗಣಿ ಕೈಯಲ್ಲೇ ಎದ್ದು ಓಡಿದಳು.

ಮಾನಪ್ಪನಿಗೆ ಇದರ ಗಾಳಿಯೂ ಸೋಕಿರಲಿಲ್ಲ. ಗಡಿಯಿಂದ ರಜೆಯ ಮೇಲೆ ಬಂದಿದ್ದವನು ಅಂದು ಸಂಜೆ ಯಾದಗಿರಿಯಲ್ಲಿ ರೈಲುಗಾಡಿ ಹತ್ತಬೇಕಿತ್ತು. ಹದಿನಾರು ವರ್ಷದ ನೌಕರಿಯಲ್ಲಿ ಅವನು ಒಂದು ದಿನವೂ ತಡವಾಗಿ ಹಾಜರಾದವನಲ್ಲ. ಪಲ್ಟನ್ನಿನಲ್ಲಿ ಅವನ ಹೆಸರು ಹೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಆ ಹೆಸರಿನ ಮೇಲೆ ಅವನಿಗೆ ಎದೆಯ ಮೇಲಿನ ಪದಕಗಳಿಗಿಂತ ಹೆಚ್ಚು ಅಭಿಮಾನ. ಇನ್ನು ಬ್ಲಾಗು ಅವನ ಹೊಸ ಹುಚ್ಚು. ಕಾದಾಟ ಮುಗಿಸಿ ಮನೆಗೆ ಮರಳುವ ಜವಾನರು ಮುಂದೆ ಹೇಗೆ ಬದುಕಬೇಕು, ರಾತ್ರಿ ನಿದ್ದೆ ಬಾರದಿದ್ದರೆ ಏನು ಮಾಡಬೇಕು, ಬಂದೂಕು ಹಿಡಿದ ಕೈಗೆ ಕೂರಿಗೆ ಹಿಡಿಸುವುದು ಹೇಗೆ ಎಂದೆಲ್ಲ ಬರೆಯಬೇಕೆಂದು ವರ್ಷದಿಂದ ಅಂದುಕೊಂಡಿದ್ದ. ಪಲ್ಟನ್ನಿನಲ್ಲಿ ಯಾರಿಗೂ ಹೇಳಿರಲಿಲ್ಲ. 'ಯುದ್ಧ ಮುಗಿದ ಮ್ಯಾಲೆ' ಎಂದು ಹೆಸರಿಟ್ಟು, ಜಾಗದ ಹೆಸರು, ಜನರ ಹೆಸರು ಯಾವುದೂ ಬಾರದಂತೆ ಮೊದಲ ಬರಹವನ್ನು ಅಂದು ಬೆಳಿಗ್ಗೆಯಷ್ಟೇ ಹಾಕಿದ್ದ. ಓದಿದವರು ಇಬ್ಬರು. ಅವರಲ್ಲಿ ಒಬ್ಬ ಅವನೇ.

ಇನ್ನೊಂದು ಸಲ ತಾನೇ ಓದಿಕೊಳ್ಳೋಣವೆಂದು ಕುಳಿತದ್ದೇ ತಡ, ತಾಯಿ ಸಾಯಬಮ್ಮ ಹೊಲದಿಂದ ಓಡುತ್ತ ಬಂದಳು. ಕಾಲುವೆಯ ನೀರು ಅವಳ ಗದ್ದೆಗೆ ಬರುವ ಪಾಳಿ ಅಂದು. ಅದನ್ನೂ ಬಿಟ್ಟು ಬಂದಿದ್ದಾಳೆಂದರೆ ಭೂಮಿಯೇ ಅದುರಿರಬೇಕು ಎಂದುಕೊಂಡ ಮಾನಪ್ಪ. ಹಿಂದೆ ಲಾಲಮ್ಮ, ಅವಳ ಹಿಂದೆ ಅರ್ಧ ಊರು.

"ಹೊರಸಿನ ಮ್ಯಾಲ ಮಲಗು!" ಎಂದಳು ತಾಯಿ.

"ಯಾಕವ್ವ?"

"ಮಾತಾಡಬ್ಯಾಡ. ಮಾತಾಡಿದ್ರ ಎದಿ ಮ್ಯಾಲ ಜೋರ್ ಬೀಳ್ತದ. ಹೆತ್ತವ್ವನ ಮುಂದ ಮುಚ್ಚಿಡ್ತಿ ಏನು? ನಿನಗ ಬ್ಲಾಕ್ ಶುರು ಆಗ್ಯಾದಂತ!"

ಮಾನಪ್ಪ ನಕ್ಕ. ಅದೇ ಅವನ ಮೊದಲ ತಪ್ಪು. "ಮಿಲ್ಟ್ರಿ ಮಂದಿ ಹಿಂಗ ನೋಡ್ರಿ, ಸಾಯೋ ಮುಂದನೂ ನಗ್ತಾರ" ಎಂದು ಯಾರೋ ಹೆಮ್ಮೆಯಿಂದ ಹೇಳಿದರು.

"ಬ್ಲಾಕ್ ಅಲ್ಲ ಚಿಗವ್ವ, ಬ್ಲಾಗ್! ಬ್ಲಾಗ್!" ಎಂದು ಅವನು ಲಾಲಮ್ಮನ ಬಲಗಿವಿಗೇ ಕೂಗಿದ.

"ಅದನ್ನ ನಾನೂ ಹೇಳಾಕತ್ತೀನಲ್ಲೋ ನನ್ನಪ್ಪಾ. ಬ್ಲಾಕ್!"

ಮಾತಿನಿಂದ ಆಗದ ಕೆಲಸವನ್ನು ಮೈಯಿಂದ ಮಾಡಿ ತೋರಿಸೋಣವೆಂದು ಮಾನಪ್ಪ ಅಂಗಳದಲ್ಲೇ ದಂಡ ಹೊಡೆಯಲು ಶುರುಮಾಡಿದ. ಇಪ್ಪತ್ತು, ಮೂವತ್ತು, ಐವತ್ತು. ಯಾದಗಿರಿ ಕಡೆಯ ಬಿಸಿಲು, ಬೆಳಿಗ್ಗೆ ತಿಂದ ಎರಡು ಪ್ಲೇಟು ಮಂಡಕ್ಕಿ ಸೂಸಲ, ಮೇಲೆ ನಾಲ್ಕು ಮಿರ್ಚಿ ಭಜಿ. ಎದ್ದು ನಿಂತಾಗ ಅವನ ಮೈಯಿಂದ ಬೆವರು ಧಾರೆಯಾಗಿ ಸುರಿಯುತ್ತಿತ್ತು, ಉಸಿರು ತಿದಿಯಂತೆ ಏರಿಳಿಯುತ್ತಿತ್ತು.

"ಬೆವರು ಬಂತು! ಅದೇ ಲಕ್ಷಣ!" ಎಂದು ಊರು ಒಕ್ಕೊರಲಿನಿಂದ ಹೇಳಿತು.

ಅಷ್ಟರಲ್ಲಿ ಶಾಲೆಯ ಖಂಡಪ್ಪ ಮಾಸ್ತರರು ಬಂದರು. ಓದಿದವರು ಸಿಕ್ಕರಲ್ಲ ಎಂದು ಮಾನಪ್ಪನ ಜೀವಕ್ಕೆ ಜೀವ ಬಂತು. ಮೊಬೈಲು ಅವರ ಕೈಗಿಟ್ಟು, "ಮಾಸ್ತರ, ಇದನ್ನ ಓದಿ ಹೇಳ್ರಿ ಇವರಿಗಿ. ನಾ ಬರದೀನಿ" ಎಂದ. ಮಾಸ್ತರರು ಕನ್ನಡಕ ಏರಿಸಿ, ತರಗತಿಯಲ್ಲಿ ಓದುವ ದನಿಯಲ್ಲಿ ನಡುವಿನಿಂದ ಹಿಡಿದರು.

"'ಆ ಆಪರೇಷನ್ ಹನ್ನೊಂದು ತಾಸು ನಡೆಯಿತು. ನಮ್ಮಲ್ಲಿ ಮೂವರು ಮತ್ತೆ ಕಣ್ಣು ತೆರೆಯಲೇ ಇಲ್ಲ. ನಾನು ತೆರೆದೆ. ಉಳಿದ ಆಯುಷ್ಯದಲ್ಲಿ ಏನು ಮಾಡಬೇಕೆಂದು ಅಂದೇ ಯೋಚಿಸತೊಡಗಿದೆ.'"

ಮುಂದೆ ಓದಲು ಮಾಸ್ತರರಿಂದಲೇ ಆಗಲಿಲ್ಲ. ಸಾಯಬಮ್ಮ ನೆಲಕ್ಕೆ ಕುಸಿದಳು. "ಹನ್ನೊಂದು ತಾಸು ಕೊಯ್ದಾರಲ್ಲೋ ನನ್ನ ಮಗನ್ನ!"

"ಅದು ಗುಂಡಿನ ಆಪರೇಷನ್ ಅವ್ವ!" ಎಂದು ಮಾನಪ್ಪ ಕಿರುಚಿದ.

"ಗುಂಡಿಗಿ ಆಪರೇಷನ್ನಂತ!" ಎಂದು ಲಾಲಮ್ಮ ಹಿಂದೆ ನಿಂತವರಿಗೆ ತಲುಪಿಸಿದಳು.

ಊರಲ್ಲಿ ಬಾಡಿಗೆ ಗಾಡಿ ಓಡಿಸುವ ಖಾಜಾಹುಸೇನನ ಕ್ರೂಸರ್ ಜೀಪು ಬಂದು ನಿಂತಿತು. ಮಾನಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಖಾಜಾಹುಸೇನ ಒಂದೊಂದೇ ಬೆರಳು ಬಿಡಿಸುತ್ತ, "ಹಟ ಮಾಡಬ್ಯಾಡ ಭಾಯಿ. ನಿನ್ನ ಎದಿ ನಿನ್ನೊಬ್ಬಂದಲ್ಲ, ಇಡೀ ಸಗರದ್ದು. ಹೊರಗಿನವ್ರು ಯಾರರೆ ನಿಮ್ಮೂರಾಗ ಏನೈತಿ ಅಂದ್ರ ನಾವು ನಿನ್ನ ಹೆಸರು ಹೇಳ್ತೀವಿ" ಎಂದ. ಮಾನಪ್ಪನ ಕೈ ತಾನಾಗಿಯೇ ಸಡಿಲವಾಯಿತು. ದವಾಖಾನೆಯಲ್ಲಿ ಬಟ್ಟೆ ಬೇಕಾದಾವೆಂದು ಅವನ ಟ್ರಂಕನ್ನೂ ಮೇಲೆ ಕಟ್ಟಿಕೊಂಡು, ಹತ್ತು ಮಂದಿ ಕೂರುವ ಗಾಡಿಯಲ್ಲಿ ಹತ್ತೊಂಬತ್ತು ಮಂದಿ ಶಹಾಪುರಕ್ಕೆ ಹೊರಟರು. ಗಾಳಿ ಬರಲೆಂದು ಮಾನಪ್ಪನಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟು, ಆ ಕಿಟಕಿಗೆ ಅಡ್ಡವಾಗಿ ಮೂವರು ಜೋತುಬಿದ್ದರು.

ಶಹಾಪುರದ ಡಾಕ್ಟರು ನಗುಮುಖದ ಮನುಷ್ಯ. ಎದೆಗೆ ಕೊಳವೆ ಇಟ್ಟರು, ಇಸಿಜಿ ತೆಗೆದರು. "ಈ ಎದಿಗಿ ಏನಾಗ್ಯಾದ? ನನಗ ಇಂಥಾದೊಂದು ಇದ್ದಿದ್ರ ನಾನೂ ಮಿಲ್ಟ್ರಿ ಸೇರತಿದ್ದೆ" ಎಂದರು. ಮಾನಪ್ಪ ಅಳುವುದೊಂದು ಬಾಕಿ, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿಕೊಂಡ. ಡಾಕ್ಟರು ಅವನ ಮೊಬೈಲು ತೆಗೆದುಕೊಂಡು ಬರಹವನ್ನು ಮೊದಲಿಂದ ಓದಿದರು. ಓದುತ್ತ ಓದುತ್ತ ನಗು ನಿಂತಿತು. ಹೊರಗೆ ಬಂದು, ಹದಿನೆಂಟು ಮಂದಿಯ ಮುಂದೆ ನಿಂತು ಇಡೀ ಬರಹವನ್ನು ಗಟ್ಟಿಯಾಗಿ ಓದಿ, ಬ್ಲಾಗೆಂದರೆ ಏನು, ಆಪರೇಷನ್ನೆಂದರೆ ಯಾವುದು, ಕಣ್ಣು ತೆರೆಯದ ಆ ಮೂವರು ಕಾದಾಟದಲ್ಲಿ ಹೇಗೆ ಮಡಿದರು ಎಂದು ಬಿಡಿಸಿ ಹೇಳಿದರು.

ಸಾಯಬಮ್ಮ ಎದ್ದು ಬಂದು ಮಗನ ಕೆನ್ನೆ ಸವರಿದಳು.

"ಫೋನ್ ಮಾಡಿದಾಗೆಲ್ಲ ಚಲೋ ಅದೀನಿ ಅವ್ವ, ಚಲೋ ಅದೀನಿ ಅವ್ವ ಅಂದಿ. ಇಷ್ಟೆಲ್ಲ ಹೊಟ್ಟಿಯಾಗ ಇಟಗೊಂಡಿದ್ದೇನಪ್ಪಾ? ಬರಿ. ಇನ್ನೂ ಬರಿ. ಎಲ್ಲಾರೂ ಓದ್ಲಿ, ನನ್ನ ಮಗ ಎಂಥವ ಅಂತ."

ಆಕೆಯ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿ ಮಾನಪ್ಪನಿಗೆ ಬೆಳಗಿನಿಂದ ಪಟ್ಟ ಪಾಡೆಲ್ಲ ಸಾರ್ಥಕವಾಯಿತು ಅನ್ನಿಸಿತು.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಗಡಿಯಿಂದ ಸುಬೇದಾರ ಸಾಹೇಬರು. ಬಾಗಿಲ ಹಿಂದೆ ಬರೆದಿಟ್ಟಿದ್ದ ಪಲ್ಟನ್ನಿನ ನಂಬರಿಗೆ ಸಾಯಬಮ್ಮ ಹೊರಡುವಾಗಲೇ ಮಾಸ್ತರರಿಂದ ಫೋನು ಮಾಡಿಸಿಬಿಟ್ಟಿದ್ದಳು.

"ಹವಾಲ್ದಾರ್, ನಿನಗೆ ಹಾರ್ಟ್ ಬ್ಲಾಕಂತೆ?" ಎಂದು ಸಾಹೇಬರು ಹಿಂದಿಯಲ್ಲಿ ಗುಡುಗಿದರು.

"ಇಲ್ಲ ಸಾಹೇಬ್, ಡಾಕ್ಟರ್ ಇಲ್ಲೇ ಇದ್ದಾರೆ, ಫೋನು ಕೊಡುತ್ತೇನೆ..."

"ಬಾಯಿಮಾತು ಬೇಡ. ಫೌಜು ನಡೆಯುವುದು ಕಾಗದದ ಮೇಲೆ. ಡಾಕ್ಟರರ ಚೀಟಿಯ ಫೋಟೋ ಕಳಿಸು. ನಾನು ಹೂಂ ಅನ್ನುವವರೆಗೆ ಗಾಡಿ ಹತ್ತಕೂಡದು."

ಡಾಕ್ಟರರಿಗೋ ಬರಹ ಓದಿ ಉಕ್ಕಿದ ಅಭಿಮಾನ. ಬರೀ ಆರೋಗ್ಯವಾಗಿದ್ದಾರೆ ಎಂದು ಬರೆದು ಕೈತೊಳೆದುಕೊಳ್ಳದೆ, ಇಂಗ್ಲಿಷಿನಲ್ಲಿ ತಮಾಷೆಯಾಗಿ ಎರಡು ಸಾಲು ಗೀಚಿದರು. ಇವರಿಗೆ ಬ್ಲಾಕ್ ಇಲ್ಲ, ಇರುವುದು ಬ್ಲಾಗ್, ಅದೂ ಇವತ್ತೇ ಶುರುವಾಗಿದೆ ಎಂದು. ಮಾನಪ್ಪ ಫೋಟೋ ಕಳಿಸಿದ. ಕ್ರೂಸರ್ ಯಾದಗಿರಿಯ ಕಡೆ ಹಾರಿತು.

ನಿಲ್ದಾಣ ಮುಟ್ಟಿದಾಗ ಗಾಡಿ ಬಂದು ನಿಂತಿತ್ತು. ಟ್ರಂಕು ಹೊರಲು ಊರವರು ನಾ ಮುಂದು ತಾ ಮುಂದು ಎಂದರು. ಹೂಮಾರುವವರಿಂದ ಹಾರವನ್ನೇ ಕಸಿದು ತಂದು ಹಾಕಿದರು. ಮಾನಪ್ಪ ಹಾರದೊಳಗಿಂದ ಕತ್ತು ತೂರಿಸಿ ಮೊಬೈಲು ನೋಡಿದ. ದಾರಿಯಲ್ಲಿ ಮಾಸ್ತರರು ಊರಿನವರಿಗೆಲ್ಲ ಕಳಿಸಿದ್ದರ ಫಲ, ಬ್ಲಾಗು ಓದಿದವರು ನಾನೂರು ದಾಟಿದ್ದರು. ಅಷ್ಟರಲ್ಲೇ ಸುಬೇದಾರರ ಫೋನು.

"ಚೀಟಿ ನೋಡಿದೆ ಹವಾಲ್ದಾರ್. ಡಾಕ್ಟರರ ಅಕ್ಷರ ಬಿಡಿಸಲು ನಾಲ್ಕು ಜನ ಕೂತೆವು. ಎರಡು ಶಬ್ದ ಮಾತ್ರ ಸ್ಪಷ್ಟವಾಗಿ ಸಿಕ್ಕವು. ಎರಡೂ ಬ್ಲಾಕೇ."

"ಸಾಹೇಬ್, ಅದರಲ್ಲಿ ಒಂದು ಬ್ಲಾಗ್..."

"ಒಂದಲ್ಲಪ್ಪ, ಎರಡು! ಕಣ್ಣು ಕಿರಿದು ಮಾಡಿ ಓದಿದರೆ ಇವತ್ತೇ ಶುರುವಾಗಿದೆ ಎಂದೂ ಇದೆ. ಇದನ್ನು ಮುಚ್ಚಿಟ್ಟು ಡ್ಯೂಟಿಗೆ ಬರಲು ಹೊರಟಿದ್ದೆಯಲ್ಲ, ನಿನ್ನಂಥ ಸಿಪಾಯಿ ನನ್ನ ಕೈಕೆಳಗೆ ಇದ್ದಾನೆಂದು ಹೆಮ್ಮೆಯಾಗುತ್ತದೆ. ಒಂದು ತಿಂಗಳು ರಜೆ ಹೆಚ್ಚಿಸಿದ್ದೇನೆ."

ಎಂಜಿನ್ ಸೀಟಿ ಹೊಡೆಯಿತು. ಹದಿನಾರು ವರ್ಷ ಕಾಪಾಡಿಕೊಂಡು ಬಂದ ಹೆಸರು ಡಬ್ಬಿ ಡಬ್ಬಿಯಾಗಿ ಕಣ್ಣ ಮುಂದೆಯೇ ಸಾಗಿಹೋಯಿತು. ಹೋಗಲಿ, ತಿಂಗಳುಪೂರ್ತಿ ಕೂತು ಬರೆದರಾಯಿತು ಎಂದು ಮಾನಪ್ಪ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಸಾಹೇಬರ ದನಿ ಮತ್ತೆ ಬಂತು.

"ಇನ್ನೊಂದು ಮಾತು. ಎದೆಗೆ ಶ್ರಮ ಆಗಬಾರದು. ಮೊಬೈಲು ಮುಟ್ಟಬೇಡ, ಓದಬೇಡ, ಒಂದಕ್ಷರ ಬರೆಯಬೇಡ. ಇದು ಹುಕುಂ."

ಮಾನಪ್ಪ ಹಾರದ ಸಮೇತ ಹಿಮ್ಮಡಿ ಕೂಡಿಸಿ, ಎದೆ ಉಬ್ಬಿಸಿ ನಿಂತು, "ಜೀ ಸಾಹೇಬ್" ಎಂದ.